ಟ್ಯಾಂಕಿನ ತಳದ ನೀರು

ನಮ್ಮ ಯಜಮಾನರಿಗೆ ಸೋಲಾರ್ ನೀರಿನ ಮೇಲೆ ನಂಬಿಕೆ ಇರಲಿಲ್ಲ. ಬೆಂಕಿ ಕಾಣದೆ ಬಿಸಿಯಾದ ನೀರು ಬಿಸಿನೀರೇ ಅಲ್ಲ ಎನ್ನುತ್ತಿದ್ದರು. ಪುಟ್ಟೇನಹಳ್ಳಿ ಕೆರೆಯ ಈಚೆಗಿದ್ದ ನಮ್ಮ ಹೊಲಗಳೆಲ್ಲ ಸೈಟುಗಳಾಗಿ, ಹಳೆಯ ಹೆಂಚಿನ ಮನೆ ಕೆಡವಿ, ಕೆಳಗೆ ನಾವು, ಮೇಲೆ ಬಾಡಿಗೆಯವರು ಎಂದು ಎರಡಂತಸ್ತಿನ ಮನೆ ಎಬ್ಬಿಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮನೆ ಕೆಡವಿದಾಗ ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಆ ಮನೆಯಲ್ಲಿ ಮಳೆ ಬಂದರೆ ನಾಲ್ಕು ಕಡೆ ಪಾತ್ರೆ ಇಡಬೇಕಿತ್ತು. ಅದಕ್ಕೆ ಅಳುವವರು ಅಲ್ಲಿ ಪಾತ್ರೆ ಇಟ್ಟವರಲ್ಲ. ಆದರೆ ಹಿತ್ತಿಲಿನ ಹಂಡೆ ಒಲೆಯನ್ನು ಕೆಡವಲು ಬಂದಾಗ ಮಾತ್ರ ಯಜಮಾನರು ಮೇಸ್ತ್ರಿಯ ಕೈ ಹಿಡಿದು ನಿಲ್ಲಿಸಿದರು.

ನಮ್ಮ ಮಗ ಜೆ.ಪಿ. ನಗರದಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಸೋಲಾರ್ ಹಾಕಿಸಲೇಬೇಕು ಎಂದು ಹಟ ಹಿಡಿದವನು ಅವನು.

"ಮೋಡ ಮುಚ್ಕೊಂಡ್ರೆ ಏನ್ಲಾ ಮಾಡ್ತೀಯ? ಸೂರ್ಯಂಗೆ ಅರ್ಜಿ ಬರ್ಕೊಡ್ತೀಯಾ?"

"ಅದ್ರೊಳಗೆ ಕರೆಂಟ್ ಕಾಯಿಲ್ ಇರ್ತದಪ್ಪ. ಸ್ವಿಚ್ ಹಾಕಿದ್ರೆ ಆಯ್ತು."

"ಕರೆಂಟ್ ಇರ್ತದಾ ಬೆಳಗ್ಗೆ ಹೊತ್ತು? ಯಾವೂರ್ನಲ್ಲಿದ್ದೀಯ ನೀನು?"

ಹೀಗೆ ವಾರಗಟ್ಟಲೆ ನಡೆಯಿತು. ಊಟಕ್ಕೆ ಕೂತಾಗಲೂ ಅದೇ. ನಾನೇ ರೇಗಿ, ಎರಡನ್ನೂ ಹಾಕಿಕೊಂಡು ಸಾಯಿರಿ, ನನಗೆ ಸ್ನಾನಕ್ಕೆ ನೀರಿದ್ದರೆ ಸಾಕು ಎಂದೆ. ಅದನ್ನು ಮಗ ನಿಜ ಮಾಡಿಬಿಟ್ಟ. ತಾರಸಿಯ ಮೇಲೆ ಗಾಜಿನ ಹಲಗೆಗಳು, ಅದರ ತಲೆಯ ಮೇಲೆ ಉದ್ದನೆಯ ಟ್ಯಾಂಕು ಬಂತು. ಕೆಳಗೆ ಹಿತ್ತಿಲಲ್ಲಿ, ಹಳೆಯ ಹಂಡೆ ಒಲೆಯಿದ್ದಲ್ಲೇ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು, ತಗಡಿನ ಸೂರಿನ ಅಡಿಯಲ್ಲಿ ಇಟ್ಟಿಗೆಯ ಒಲೆ ಬಂತು. ಒಲೆಯ ಒಳಗೆ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಒಳಗೆ ನೀರು. ಅಲ್ಲಿಂದ ಎರಡು ಪೈಪು ಗೋಡೆ ಹತ್ತಿ ತಾರಸಿಯ ಟ್ಯಾಂಕಿಗೆ ಸೇರುತ್ತಿದ್ದವು. ಬಿಸಿಲಿದ್ದಾಗ ಬಿಸಿಲು ಕಾಯಿಸಬೇಕು, ಇಲ್ಲದಾಗ ಸೌದೆ ಕಾಯಿಸಬೇಕು, ನೀರು ಮಾತ್ರ ಒಂದೇ ಟ್ಯಾಂಕಿನದು. ಅಪ್ಪ ಮಗ ಇಬ್ಬರೂ ಸೇರಿ ಅದನ್ನು ಬೆಸುಗೆ ಹಾಕಿದರು. ಜಗಳವಾಡಿದವರು ಅವರೇ ಎಂದರೆ ಯಾರೂ ನಂಬುತ್ತಿರಲಿಲ್ಲ.

"ಮೋಟ್ರು ಎಲ್ಲಿ ಐತೆ? ನೀರು ಹೆಂಗೆ ಮೇಲಕ್ಕೆ ಹೋಯ್ತದೆ?" ಎಂದು ನಾನು ಕೇಳಿದೆ.

"ಮೋಟ್ರು ಬೇಡಮ್ಮ. ಬಿಸಿನೀರು ಹಗುರ, ತಾನೇ ಮೇಲಕ್ಕೆ ಹೋಗುತ್ತೆ. ತಣ್ಣೀರು ಭಾರ, ತಾನೇ ಇಳಿಯುತ್ತೆ."

ನಾನು ಮೂರನೇ ಕ್ಲಾಸು ಓದಿದವಳು. ಬಾಯಲ್ಲಿ ಹೇಳಿದ್ದನ್ನು ನಂಬುವುದಿಲ್ಲ. ಒಲೆ ಹಚ್ಚಿದ ಮೇಲೆ ಹೋಗಿ ಎರಡು ಪೈಪಿಗೂ ಕೈಯಿಟ್ಟು ನೋಡಿದೆ. ಒಂದು ಸುಡುತ್ತಿತ್ತು, ಒಂದು ತಣ್ಣಗಿತ್ತು. ಆಮೇಲೆ ನಂಬಿದೆ.

ಅವತ್ತೇ ಇನ್ನೊಂದು ಮಾತು ಕೇಳಿದ್ದೆ. ನೀರೆಲ್ಲ ಖರ್ಚಾದರೆ ಟ್ಯಾಂಕು ಖಾಲಿಯಾಗುವುದಿಲ್ಲವೇ ಎಂದು. ಮಗ ಹೆಮ್ಮೆಯಿಂದ ಹೇಳಿದ: "ಅದು ಖಾಲಿನೇ ಆಗಲ್ಲಮ್ಮ. ಮೇಲಿಂದ ಒಂದು ಚೊಂಬು ಬಿಸಿನೀರು ಹೋದ್ರೆ ತಳದಲ್ಲಿ ಒಂದು ಚೊಂಬು ತಣ್ಣೀರು ಬಂದು ಸೇರ್ಕೊಳ್ಳುತ್ತೆ. ಯಾವತ್ತೂ ತುಂಬಿರುತ್ತೆ." ಆಗ ಅದು ಒಳ್ಳೆಯ ಸುದ್ದಿಯಂತೆ ಕೇಳಿಸಿತು.

ಯಜಮಾನರಿಗೆ ಆ ಒಲೆ ಒಂದು ಉದ್ಯೋಗವಾಯಿತು. ಹೊಲ ಹೋದ ಮೇಲೆ ಬೆಳಗಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೇಟಿನ ಹತ್ತಿರ ನಿಲ್ಲುತ್ತಿದ್ದ ಮನುಷ್ಯ ಅವರು. ಸುತ್ತಮುತ್ತ ಕಟ್ಟುತ್ತಿದ್ದ ಮನೆಗಳಿಂದ ಮುರಿದ ಸೆಂಟ್ರಿಂಗ್ ಹಲಗೆ ತರುತ್ತಿದ್ದರು. ಬೊಮ್ಮನಹಳ್ಳಿಯ ಫ್ಯಾಕ್ಟರಿಗಳಿಂದ ಪ್ಯಾಕಿಂಗ್ ಪೆಟ್ಟಿಗೆಯ ಮರ ತರುತ್ತಿದ್ದರು. ಒಣಗಿದ ತೆಂಗಿನ ಗರಿಯನ್ನು ಮಡಚಿ ಕಟ್ಟಿಡುತ್ತಿದ್ದರು. ಬಿಸಿಲು ಚೆನ್ನಾಗಿರುವ ದಿನವೂ ಒಂದಿಷ್ಟು ಉರಿ ಹಾಕದೆ ಇರುತ್ತಿರಲಿಲ್ಲ. ನೀರು ಕಾದ ಮೇಲೆ ಕಬ್ಬಿಣದ ಸಲಾಕೆಯಿಂದ ಪೈಪಿನ ಮೇಲೆ ಟಣ್ ಟಣ್ ಎಂದು ಬಡಿಯುತ್ತಿದ್ದರು. ಆ ಸದ್ದು ಪೈಪಿನ ಮೂಲಕ ಮೇಲಿನ ಮನೆಗೂ ಹೋಗುತ್ತಿತ್ತು. ಎದ್ದು ಸ್ನಾನಕ್ಕೆ ಬನ್ನಿ ಎಂದು ಅದರ ಅರ್ಥ. ಮೇಲಿನ ಬಾಡಿಗೆಯವರು ಗದಗದ ಕಡೆಯ ಗಂಡ ಹೆಂಡತಿ, ಗಂಡನಿಗೆ ಬಿ.ಟಿ.ಎಂ. ಕಡೆ ಆಫೀಸು. ಹೆಂಡತಿ ನಗುತ್ತಾ, "ನಮ್ಮ ಮನ್ಯಾಗ ಗಡಿಯಾರ ಬ್ಯಾಡ್ರಿ, ಅಜ್ಜಾರ ಬಡದ್ರ ಬೆಳಗಾತಂತ ತಿಳೀತೈತಿ" ಎನ್ನುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ, ಚೆನ್ನಾಗಿ ಬಿಸಿಲೇರಿದ್ದ ಒಂದು ಹಗಲು, ಯಜಮಾನರು ಹಿತ್ತಿಲಲ್ಲಿ ಗರಿ ಕಟ್ಟುತ್ತಾ ಕೂತವರು ಹಾಗೆಯೇ ಗೋಡೆಗೆ ಒರಗಿದರು. ನಾನು ಮಜ್ಜಿಗೆ ತಂದೆ. ಅವರು ತೆಗೆದುಕೊಳ್ಳಲಿಲ್ಲ. ಅಷ್ಟೇ ನಡೆದದ್ದು.

ನಮ್ಮ ಕಡೆ ಸತ್ತವರ ಸ್ನಾನಕ್ಕೆ ಒಂದು ಕ್ರಮವಿದೆ. ಮನೆಯ ಒಲೆಯಲ್ಲಿ ಆ ನೀರು ಕಾಯಿಸುವುದಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಅದರ ಮೇಲೆ ಮಡಕೆಯಿಟ್ಟು ಕಾಯಿಸುತ್ತಾರೆ. ಕಾದ ನೀರಷ್ಟನ್ನೂ ಹೊಯ್ದು ಮುಗಿಸಬೇಕು, ಒಂದು ಚೊಂಬೂ ಉಳಿಯಬಾರದು. ಹೆಣ ಎತ್ತಿದ ಮೇಲೆ ಆ ಕಲ್ಲುಗಳನ್ನು ಕಿತ್ತು ಚೆಲ್ಲಾಪಿಲ್ಲಿ ಮಾಡಿ, ಮಡಕೆ ಒಡೆಯುತ್ತಾರೆ. ಆ ನೀರಿಗೂ ಮನೆಗೂ ಅಲ್ಲಿಗೆ ಸಂಬಂಧ ಮುಗಿಯುತ್ತದೆ.

ಅವತ್ತು ನಾನು ಜಗಲಿಯಲ್ಲಿ ಅವರ ತಲೆಯ ಹತ್ತಿರ ಕೂತಿದ್ದೆ. ನೀರು ಬಂತು. ನನ್ನ ಕೈಯಿಂದಲೂ ಒಂದು ಚೊಂಬು ಹೊಯ್ಯಿಸಿದರು. ಆವಿಯಾಡುತ್ತಿದ್ದ ನೀರು. ಆದರೆ ಹೊಗೆಯ ವಾಸನೆ ಇರಲಿಲ್ಲ. ಸೌದೆಯಲ್ಲಿ ಕಾದ ನೀರಿಗೆ ವಾಸನೆ ಇರುತ್ತದೆ, ನಲವತ್ತು ವರ್ಷ ಆ ನೀರಲ್ಲಿ ಮಿಂದವಳಿಗೆ ಅದು ಗೊತ್ತಾಗದೆ ಹೋಗುವುದಿಲ್ಲ. ಯಾರೋ ನಲ್ಲಿ ತಿರುಗಿಸಿ ತುಂಬಿಸಿ ತಂದಿದ್ದಾರೆ ಎಂದು ತಿಳಿಯಿತು. ಕಾದ ನೀರು ಮನೆಯಲ್ಲೇ ತುಂಬಿರುವಾಗ ಕಲ್ಲು ಹುಡುಕುವವರು ಯಾರು? ಸಾವಿನ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಚೊಂಬನ್ನು ಮುಂದಿನವರ ಕೈಗೆ ಕೊಟ್ಟೆ.

ನಮ್ಮ ಮಗಳು ಆಗ ಬಸುರಿ. ಬಸುರಿ ಹೆಂಗಸು ಹೆಣ ನೋಡಬಾರದೆಂದು ಅವಳ ಅತ್ತೆ ಕಳಿಸಲಿಲ್ಲ. ಅವರ ಮನೆ ಕನಕಪುರದ ಕಡೆ. ಅಪ್ಪನ ಮುಖ ನೋಡದೆ ಅವಳು ಅಲ್ಲೇ ಅತ್ತುಕೊಂಡು ಉಳಿದಳು.

ತಿಥಿಯೆಲ್ಲ ಮುಗಿದ ಮೇಲೆ ಒಲೆ ಹಚ್ಚುವ ಕೆಲಸ ನನಗೆ ಬಂತು. ಮಗನಿಗೆ ಬೆಳಗ್ಗೆ ಏಳುವ ಅಭ್ಯಾಸವಿಲ್ಲ. ಸದ್ದು ಶುರುವಾದದ್ದು ಆಗ. ಉರಿ ಹತ್ತಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಪೈಪು ತಾನಾಗಿಯೇ ಬಡಿಯಿತು. ಟಣ್, ಟಣ್. ಸುಮ್ಮನಾಗಿ, ಮತ್ತೆ ಒಂದು. ಸಲಾಕೆ ಗೋಡೆಗೆ ಒರಗಿಕೊಂಡೇ ಇತ್ತು, ನಾನು ಮುಟ್ಟಿರಲಿಲ್ಲ. ಮೇಲಿಂದ ಗದಗದ ಹುಡುಗಿ ಟವಲು ಹಿಡಿದು ಇಳಿದು ಬಂದವಳು ನನ್ನ ಮುಖ ನೋಡಿ ಮೆಟ್ಟಿಲ ಮೇಲೇ ನಿಂತಳು.

"ನೀವ ಬಡದ್ರೇನ್ರಿ ಅಮ್ಮಾರ?"

"ಹೂಂ. ನಾನೇ" ಎಂದೆ. ಬಾಡಿಗೆಯವರು ಬಿಟ್ಟು ಹೋದರೆ ಇನ್ನೊಬ್ಬರನ್ನು ಹುಡುಕಬೇಕು.

ಮಗನನ್ನು ಕೇಳಿದೆ. "ಪೈಪಲ್ಲಿ ಗಾಳಿ ಸೇರ್ಕೊಂಡೈತೆ ಅಮ್ಮ. ಬೋರ್ ನೀರಲ್ವಾ, ಒಳಗೆ ಸುಣ್ಣದ ಥರ ಕಟ್ಕೊಂಡಿರುತ್ತೆ. ಬಿಸಿಯಾದಾಗ ಬಡಿಯುತ್ತೆ."

"ಇಷ್ಟು ವರ್ಷ ಇಲ್ದಿದ್ ಗಾಳಿ ಈಗ ಎಲ್ಲಿಂದ ಬಂತು?"

ಅವನು ಅಂಗಡಿಗೆ ಹೊತ್ತಾಯಿತು ಎಂದು ಹೋದ. ಅವನೂ ಹಾಸಿಗೆಯಲ್ಲಿ ಮಲಗಿ ಆ ಸದ್ದು ಕೇಳಿಸಿಕೊಂಡವನೇ.

ದೆವ್ವಗಿವ್ವ ಎಂದರೆ ನನಗೆ ನಗು ಬರುತ್ತದೆ. ಮನುಷ್ಯರ ಕಾಟವೇ ಸಾಕಷ್ಟಿರುವಾಗ ಅದೊಂದು ಬೇರೆ ಯಾಕೆ. ಆದರೆ ಒಂದು ಮಧ್ಯಾಹ್ನ, ಮೋಡ ಕವಿದು ಗಾಳಿಯೇ ಇಲ್ಲದ ಹೊತ್ತು, ನಾನು ಜಗಲಿಯಲ್ಲಿ ರಾಗಿ ಕೇರುತ್ತಿದ್ದೆ. ಅವತ್ತು ಒಲೆ ಹಚ್ಚಿರಲಿಲ್ಲ. ಹಿತ್ತಿಲಲ್ಲಿ ಟಣ್ ಎಂದಿತು. ಮೊರ ಇಟ್ಟು ಹೋದೆ. ಒಲೆಯೊಳಗೆ ಕೈ ಹಾಕಿ ನೋಡಿದೆ, ಬೂದಿ ತಣ್ಣಗಿತ್ತು. ಮೇಲಕ್ಕೆ ಹೋಗುವ ಪೈಪಿಗೆ ಅಂಗೈಯಿಟ್ಟೆ. ಅದು ಬೆಚ್ಚಗಿತ್ತು, ಜ್ವರ ಬಂದವರ ಕೈಯಷ್ಟು.

"ಏನು?" ಎಂದು ಕೇಳಿದೆ. "ಏನು ಬೇಕು?"

ಬದುಕಿದ್ದಾಗಲೂ ಕೇಳಿದರೆ ಹೇಳುತ್ತಿರಲಿಲ್ಲ. ವಾಪಸು ಬಂದು ರಾಗಿ ಕೇರಿದೆ. ಅವತ್ತಿನಿಂದ ಒಂದು ಯೋಚನೆ ತಲೆಗೆ ಹತ್ತಿ ಕೂತಿತು. ಟ್ಯಾಂಕು ಯಾವತ್ತೂ ಖಾಲಿಯಾಗುವುದಿಲ್ಲ. ಅವರ ಸ್ನಾನಕ್ಕೆ ತೆಗೆದು ಉಳಿದ ನೀರು ಅದರಲ್ಲೇ ಇದೆ. ದಿನವೂ ಹೊಸ ನೀರು ಬಂದು ಸೇರುತ್ತದೆ, ಹಳೆಯದು ಒಂದಿಷ್ಟು ಉಳಿಯುತ್ತದೆ. ಆ ಉಳಿದುದರಲ್ಲೇ ನಾನು ದಿನಾ ಸ್ನಾನ ಮಾಡುತ್ತಿದ್ದೇನೆ. ಅದಕ್ಕೇನೂ ನನಗೆ ಹೆದರಿಕೆಯಾಗಲಿಲ್ಲ. ಹೆಂಡತಿಗೆ ಗಂಡನ ಮೈಲಿಗೆ ಏನು. ಮೈಮೇಲೆ ನೀರು ಹೊಯ್ದುಕೊಳ್ಳುವಾಗ ಒಂದು ಗಳಿಗೆ ಕೈ ನಿಲ್ಲುತ್ತಿತ್ತು, ಅಷ್ಟೇ.

ಮಳೆಗಾಲದ ಶುರುವಿನಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತು. ಚೊಚ್ಚಲ ಬಾಣಂತನ ತವರಿನದು. ಹೆರಿಗೆಯಲ್ಲಿ ಅವಳಿಗೆ ತುಂಬಾ ರಕ್ತ ಹೋಗಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಐದು ತಿಂಗಳು ಮಲಗಿಸಿ ಎಬ್ಬಿಸಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಅತ್ತೆಮನೆಗೆ ಈಗಲೇ ಹೋದರೆ ಮಾರನೆಯ ದಿನವೇ ಒಲೆ ಮುಂದೆ ಕೂರಿಸುತ್ತಾರೆ, ಅದು ನನಗೆ ಗೊತ್ತಿತ್ತು. ಅವರು ಕೆಟ್ಟವರೆಂದಲ್ಲ. ಅಲ್ಲಿ ಹಸುಗಳಿವೆ, ಆಳುಕಾಳಿನ ಊಟವಿದೆ, ಕೈಗಳು ಸಾಲವು. ಕೈ ಸಾಲದ ಮನೆಯಲ್ಲಿ ಬಾಣಂತಿಯ ಕೈಯೂ ಕೈಯೇ.

ಬಾಣಂತಿಗೆ ನೀರು ಹಾಕುವುದೆಂದರೆ ಒಂದು ಬಕೆಟ್ಟಿನ ಮಾತಲ್ಲ. ಎಣ್ಣೆ ಹಚ್ಚಿ, ಕಾದ ನೀರಿಗೆ ಲಕ್ಕಿ ಸೊಪ್ಪು ಹಾಕಿ, ಅದನ್ನು ಬೆನ್ನು, ಸೊಂಟಕ್ಕೆ ಬೀಸಿ ಬೀಸಿ ಹೊಯ್ಯಬೇಕು. ಮಗುವಿನದು ಬೇರೆ. ಹೊರಗೆ ಮಳೆ ಹಿಡಿದಿತ್ತು, ಸೂರ್ಯನ ಸುಳಿವಿರಲಿಲ್ಲ. ದಿನಾ ಸೌದೆ ಉರಿಸಿದೆ. ಪೈಪೂ ದಿನಾ ಬಡಿಯಿತು.

ಮೊದಲ ಸಲ ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕಿದಾಗ ಅದು ಕಿಟಾರನೆ ಕಿರುಚಿತು. ಎಲ್ಲ ಕೂಸುಗಳೂ ಕಿರುಚುತ್ತವೆ. ಆಗ ಗೋಡೆಯೊಳಗೆ ಟಣ್ ಟಣ್ ಎಂದಿತು. ಕೂಸು ಬಾಯಿ ಮುಚ್ಚಿತು. ಕಣ್ಣು ಬಿಟ್ಟುಕೊಂಡು ಗೋಡೆಯ ಕಡೆ ನೋಡಿತು. ಮಾರನೆಯ ದಿನವೂ ಹಾಗೆಯೇ ಆಯಿತು. ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಮಗಳು ನೋಡಿದಳು.

"ಅಮ್ಮ, ಅಪ್ಪನ ಥರಾನೇ ಬಡಿಯುತ್ತಲ್ಲ?"

"ಪೈಪಲ್ಲಿ ಗಾಳಿ ಅಂತೆ."

"ನಿಂಗೆ ಎಲ್ಲಾನೂ ಗಾಳಿನೇ." ಅವಳು ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಮೊಮ್ಮಗಳನ್ನ ನೋಡೋಕೆ ಬಂದೈತೆ ಬಿಡು. ನಂಗಂತೂ ಮುಖ ತೋರಿಸ್ಲಿಲ್ಲ."

ನಾನು ಕೂಸಿಗೆ ಕಡಲೆಹಿಟ್ಟು ಹಚ್ಚಿದೆ.

ಹೀಗೇ ಸಾಗುತ್ತಿತ್ತೋ ಏನೋ. ಅಷ್ಟರಲ್ಲಿ ನಮ್ಮ ಬೀಗಿತ್ತಿ, ಎಂದರೆ ಮಗಳ ಅತ್ತೆ, ಒಂದು ಚೀಲ ರಾಗಿಹಿಟ್ಟು, ಬೆಣ್ಣೆ ಹಿಡಿದುಕೊಂಡು ಮೊಮ್ಮಗಳನ್ನು ನೋಡಲು ಬಂದರು. ಬಾಯಿ ಜೋರು, ಮನಸ್ಸು ಅಷ್ಟು ಜೋರಲ್ಲ. ಮೇಲಿನ ಗದಗದ ಹುಡುಗಿ ಬಾಣಂತಿಗೆಂದು ಅಂಟಿನುಂಡೆ ಮಾಡಿ ತಂದಿದ್ದಳು. ಬೀಗಿತ್ತಿಯೂ ಒಂದು ತೆಗೆದುಕೊಂಡರು. ಇಬ್ಬರಿಗೂ ಮಾತು ಹತ್ತಿಕೊಂಡಿತು. ಅವಳು ಯಜಮಾನರನ್ನು ಹೊಗಳುತ್ತಾ ಹೊಗಳುತ್ತಾ ಅವತ್ತಿನ ದಿನಕ್ಕೆ ಬಂದಳು.

"ನನ್ನ ಕೈಲಾದ ಸೇವಾ ಮಾಡೇನ್ರಿ. ಅವತ್ತ ನೀರು ಕಾಸಾಕ ಕಲ್ಲ ಎಲ್ಲೈತಿ, ಕಟಗಿ ಎಲ್ಲೈತಿ ಅಂತ ಗಂಡಸರು ಓಡಾಡಾಕತ್ತಿದ್ರು. ನಾನ ಅಂದೆ, ಒಲಿ ಯಾಕ ಹೂಡ್ತೀರಿ, ಸೋಲಾರದಾಗ ಬಿಸಿನೀರು ತುಂಬಿ ಐತಲ್ಲ ಅಂತ. ಬಕೀಟ ಮ್ಯಾಲ ಬಕೀಟ ತುಂಬಿಸಿ ಕೊಟ್ಟೆ. ಅಜ್ಜಾರಿಗೆ ಬಿಸಿನೀರಂದ್ರ ಭಾಳ ಪ್ರೀತಿ."

ಬೀಗಿತ್ತಿಯ ಬಾಯಲ್ಲಿ ಉಂಡೆ ನಿಂತಿತು.

"ಯಾವ ಸೋಲಾರು?"

"ಇದ ರೀ. ಮ್ಯಾಲಿಂದು."

"ನನ್ನ ಮೊಮ್ಮಗೀಗೆ ನೀರು ಬರೋ ಸೋಲಾರಾ?"

ಹುಡುಗಿ ನನ್ನ ಕಡೆ ನೋಡಿದಳು. ಏನು ತಪ್ಪಾಯಿತೆಂದು ಅವಳಿಗೆ ತಿಳಿಯಲಿಲ್ಲ. ಪಾಪ, ಅವರ ಕಡೆಯ ಕ್ರಮ ಏನಿದೆಯೋ. ಬೀಗಿತ್ತಿ ಉಳಿದ ಉಂಡೆಯನ್ನು ತಟ್ಟೆಯಲ್ಲಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

"ಅಲ್ಲ ಅಕ್ಕ, ಹೆಣದ ನೀರು ಒಂದು ಚೊಂಬು ಉಳಿದ್ರೂ ಆಗಾಕಿಲ್ಲ. ನೀವು ಒಂದು ಟ್ಯಾಂಕ್ ಉಳಿಸ್ಕೊಂಡು, ಮೇಲೆ ಸೌದೆ ಬೇರೆ ಇಟ್ಟು ದಿನಾ ಬೆಚ್ಚಗೆ ಮಾಡ್ತಾ ಕುಂತಿದ್ದೀರಲ್ಲ!"

"ಅವತ್ತಿನ ನೀರು ಅವತ್ತೇ ಹೋಯ್ತು. ಎಷ್ಟು ತಿಂಗಳಾಯ್ತು?" ಎಂದೆ. ನಾನೇ ನಂಬದ ಮಾತು.

"ಎಲ್ಲಿ, ಟ್ಯಾಂಕ್ ಖಾಲಿ ಆಗಿತ್ತಾ? ಯಾವತ್ತು ಆಗಿತ್ತು, ಹೇಳಿ."

ಅಷ್ಟರಲ್ಲಿ ಗೋಡೆಯೊಳಗೆ ಟಣ್ ಎಂದಿತು. ಬೀಗಿತ್ತಿ ಎದ್ದೇ ಬಿಟ್ಟರು. "ಅದೇನದು?"

ಒಳಗಿನ ಕೋಣೆಯಿಂದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೂಸನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದಳು. ಮುಖ ಸುಣ್ಣದ ಥರ ಆಗಿತ್ತು. ಹಿಂದಿನ ದಿನದವರೆಗೂ ಅಪ್ಪ ನೋಡಲು ಬಂದಿದ್ದಾರೆ ಎಂದು ನಗುತ್ತಿದ್ದವಳು, ಈಗ ಬೇರೆಯೇ ದನಿಯಲ್ಲಿ ಕೇಳಿದಳು:

"ಅಮ್ಮ, ಅಪ್ಪ ಬಡಿಯೋದು ನೀರು ಕಾದೈತೆ ಬನ್ನಿ ಅಂತ ಅಲ್ವಾ? ಈಗ ಯಾರನ್ನ ಕರೀತಾ ಐತೆ?"



ಬೀಗಿತ್ತಿ ತೀರ್ಮಾನ ಹೇಳಿದರು. ಭಾನುವಾರ ತಮ್ಮ ಮಗ ವ್ಯಾನು ತರುತ್ತಾನೆ, ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ತಾವು ಇಲ್ಲೇ ಇದ್ದು ನೋಡಿಕೊಳ್ಳುತ್ತಾರೆ. ಮಗಳು ಬೇಡವೆನ್ನಲಿಲ್ಲ. ಪೈಪಿದ್ದ ಗೋಡೆಯಿಂದ ದೂರಕ್ಕೆ ತೊಟ್ಟಿಲು ಸರಿಸಿದಳು. ಅವತ್ತಿನಿಂದ ಕೂಸಿಗೂ ಅವಳಿಗೂ ಸ್ನಾನ ನಿಂತಿತು. ಎಣ್ಣೆ, ಹಾಲು, ಬೆವರಿನ ಕಮಟು ಕೋಣೆ ತುಂಬಿತು. ಕತ್ತಿನ ಮಡಿಕೆ ಕೆಂಪಾಗಿ, ಕೂಸು ಕೆರೆದುಕೊಳ್ಳಲು ಬಾರದೆ ಅಳುತ್ತಿತ್ತು.

ಸರಿ, ಆ ನೀರು ಬೇಡವಾದರೆ ಬೇರೆ ಕಾಯಿಸೋಣ ಎಂದು ಮೂರನೆಯ ದಿನ ಬೆಳಗ್ಗೆ ನಾನು ಹೊರಟೆ. ತಾಯಿ ಮಗು ಇಬ್ಬರಿಗೂ ಸಾಲುವಷ್ಟು ದೊಡ್ಡ ತಪ್ಪಲೆ ಗ್ಯಾಸಿನ ಒಲೆಯ ಮೇಲೆ ಕೂರುವುದಿಲ್ಲ. ಸೌದೆ ಬಾಯ್ಲರಿನ ನೀರು ಟ್ಯಾಂಕಿನದೇ. ಹಿಂದುಗಡೆ ಮಳೆನೀರು ನಿಂತಿತ್ತು. ಮುಂದಿನ ಅಂಗಳದಲ್ಲಿ ಮೂರು ಇಟ್ಟಿಗೆ ಹೂಡಿ, ತಪ್ಪಲೆಯಿಟ್ಟು, ಉರಿ ಹಚ್ಚಿ ಊದುತ್ತಾ ಕೂತೆ. ನನ್ನ ತಲೆಯಲ್ಲಿ ಕೂಸಿನ ಕತ್ತು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಹಾಲು ತರಲು ಹೋಗುತ್ತಿದ್ದ ಎದುರುಮನೆಯ ಗಂಡಸು ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ತಲೆಗೆ ಕಟ್ಟಿದ್ದ ಟವಲು ಬಿಚ್ಚಿ ಕೈ ಕಟ್ಟಿಕೊಂಡು ನಿಂತ. ಯಾಕೆ ನಿಂತಿದ್ದಾನೆಂದು ನನಗೆ ತಿಳಿಯಲಿಲ್ಲ. ಗದಗದ ಹುಡುಗಿ ಮೆಟ್ಟಿಲಿಳಿದು ಬಂದವಳು ಬಾಯಿಗೆ ಕೈಯಿಟ್ಟುಕೊಂಡಳು.

"ಅಮ್ಮಾರ, ಯಾರು ಹೋದರ್ರೀ? ಕೂಸೇನ್ರಿ?"

ಆಗ ನಾನು ಒಲೆಯನ್ನು ನೋಡಿದೆ. ಅಂಗಳ, ಮೂರು ಇಟ್ಟಿಗೆ, ಅದರ ಮೇಲೆ ನೀರು. ಅವತ್ತು ಅವರಿಗೆ ಹೂಡಬೇಕಾಗಿದ್ದ ಒಲೆಯನ್ನು ಇವತ್ತು ಕೂಸಿಗೆ ಹೂಡಿಕೊಂಡು ಕೂತಿದ್ದೆ. ಕಿಟಕಿಯಲ್ಲಿ ಬೀಗಿತ್ತಿ, ಅವರ ಹಿಂದೆ ಮಗಳು. ಮಗಳು ಕಿರುಚಲಿಲ್ಲ. ಕಿಟಕಿಯ ಬಾಗಿಲು ಹಾಕಿಕೊಂಡಳು, ಅಷ್ಟೇ. ಅದು ಕಿರುಚುವುದಕ್ಕಿಂತ ಕೆಟ್ಟದಾಗಿತ್ತು.

ತಪ್ಪಲೆಯನ್ನು ಕಾಲಿನಿಂದ ಒದ್ದು ಉರುಳಿಸಿದೆ. ಎದುರುಮನೆಯವನಿಗೆ, "ಯಾರೂ ಸತ್ತಿಲ್ಲ, ಹೋಗಿ ಹಾಲು ತಗೊಂಡ್ಬಾ" ಎಂದೆ. ಒಳಗೆ ಹೋಗಿ ಮಲಗಿದ್ದ ಮಗನನ್ನು ಎಬ್ಬಿಸಿದೆ.

"ಮೇಲೆ ಹತ್ತು. ಟ್ಯಾಂಕ್ ಖಾಲಿ ಮಾಡ್ಬೇಕು."

"ಟ್ಯಾಂಕ್ ಖಾಲಿ ಮಾಡಬಾರದಮ್ಮ."

"ಖಾಲಿ ಮಾಡಿದ್ರೆ ಏನಾಯ್ತದೆ?"

"ಬಿಸಿಲಿದ್ರೆ ಒಣ ಪೈಪು ಕಾದು ಸುಟ್ಟೋಗುತ್ತೆ."

"ಬಿಸಿಲೆಲ್ಲೈತೆ?"

ಅವನು ಕಿಟಕಿಯಲ್ಲಿ ಆಕಾಶ ನೋಡಿದ. ಬೂದಿ ಬಣ್ಣದ ಮೋಡ. ಎದ್ದು ಸ್ಪ್ಯಾನರ್ ಹುಡುಕಿದ.

ನನ್ನ ಮಂಡಿ ಎರಡೂ ಕೆಟ್ಟಿದ್ದವು. ತಾರಸಿಗೆ ಹತ್ತಿ ವರ್ಷವಾಗಿತ್ತು. ಗೋಡೆ ಹಿಡಿದು, ಮೆಟ್ಟಿಲಿಗೆ ಮೆಟ್ಟಿಲಿಗೆ ನಿಂತು ಹತ್ತಿದೆ. ಬೀಗಿತ್ತಿಯೂ ಹಿಂದೆ ಬಂದರು, ನಾನು ಮೋಸ ಮಾಡಿಯೇನೆಂದು.

ತಣ್ಣೀರು ಬರುವ ವಾಲ್ವು ಮುಚ್ಚಿದ ಮೇಲೆ ಮಗ ಟ್ಯಾಂಕಿನ ತಳದ ಬಿರಡೆಗೆ ಕೈಹಾಕಿದ. ಹಾಕಿದ ದಿನದಿಂದ ಯಾರೂ ಬಿಚ್ಚಿರಲಿಲ್ಲ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವನು ಸ್ಪ್ಯಾನರಿಗೆ ಒಂದು ತುಂಡು ಪೈಪು ಸಿಕ್ಕಿಸಿ, ಮೈಭಾರ ಬಿಟ್ಟು ಜಗ್ಗಿದ. ಪ್ರತಿ ಜಗ್ಗಿಗೂ ಟ್ಯಾಂಕು ಒಳಗಿನಿಂದ ಬಡಿದ ಹಾಗೆ ಸದ್ದು ಮಾಡಿತು. ಬೀಗಿತ್ತಿ ನನ್ನ ತೋಳು ಹಿಡಿದುಕೊಂಡರು. "ಬಿಡೋ ಮಗ, ಬೇಕಿದ್ರೆ ಬೇರೇದು ತಗೊಳಿ" ಎಂದರು. ಯಾರೂ ಕೇಳಲಿಲ್ಲ.

ಬಿರಡೆ ಬಿಚ್ಚಿಕೊಂಡಿತು. ನೀರು ತಾರಸಿಯ ಮೇಲೆ ಹಾರಿ ಬಿದ್ದಿತು. ಮಳೆನೀರಿನ ಕೊಳವೆಯಲ್ಲಿ ಇಳಿದು, ಅಂಗಳ ದಾಟಿ, ಗೇಟಿನ ಕೆಳಗಿನಿಂದ ಮೋರಿಗೆ ಹೋಯಿತು. ಅಷ್ಟು ನೀರು ಅದರಲ್ಲಿತ್ತೆಂದು ನನಗೆ ತಿಳಿದಿರಲಿಲ್ಲ. ಕೆಳಗೆ ಮಗಳು ಕಿಟಕಿ ತೆಗೆದು, ಕೂಸನ್ನು ಎತ್ತಿಕೊಂಡು, ಹರಿಯುವುದನ್ನೇ ನೋಡುತ್ತಿದ್ದಳು. ಅಳುತ್ತಿದ್ದಳೋ ಇಲ್ಲವೋ ಮೇಲಿಂದ ಕಾಣಲಿಲ್ಲ.

ಕೊನೆಕೊನೆಗೆ ಧಾರೆ ಸಣ್ಣದಾಯಿತು. ಬಿಳಿ ಕೆಸರು ಬರತೊಡಗಿತು, ಅದರೊಳಗೆ ಮೊಟ್ಟೆಯ ಚಿಪ್ಪಿನಂಥ ಚಕ್ಕೆಗಳು. ಮಗ ಒಂದು ಚಕ್ಕೆ ಎತ್ತಿ ಬೀಗಿತ್ತಿಗೆ ತೋರಿಸಿದ. "ನೋಡಿ ಅತ್ತೆ, ಇದೇ ಸದ್ದು ಮಾಡ್ತಿದ್ದುದು. ಬೋರ್ ನೀರಿಂದು." ಬೀಗಿತ್ತಿ ತಲೆಯಾಡಿಸಿದರು. ಅವರಿಗೆ ಚಕ್ಕೆ ಬೇಕಿರಲಿಲ್ಲ, ಖಾಲಿ ಟ್ಯಾಂಕು ಬೇಕಿತ್ತು.

ನಾನು ಬಗ್ಗಿ ಧಾರೆಗೆ ಕೈ ಒಡ್ಡಿದೆ. ತಳ ಎಂದರೆ ತಣ್ಣೀರು ಬಂದು ಸೇರುವ ಜಾಗ. ಬೀಗಿತ್ತಿ ಬಂದ ದಿನದಿಂದ ಒಲೆ ಹಚ್ಚಿರಲಿಲ್ಲ, ಬಿಸಿಲಂತೂ ಎಷ್ಟು ದಿನದಿಂದಲೋ ಇರಲಿಲ್ಲ. ಆ ನೀರು ತಣ್ಣಗಿರಬೇಕಿತ್ತು. ಅದು ಬೆಚ್ಚಗಿತ್ತು. ಅಂಗೈ ತುಂಬಿ ಬೆರಳ ಸಂದಿಯಿಂದ ಸೋರಿ ಹೋಗುವವರೆಗೂ ಬೆಚ್ಚಗೇ ಇತ್ತು. ಮಗನಿಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಕಾರಣ ಹುಡುಕುತ್ತಿದ್ದ. ಬೀಗಿತ್ತಿಗೂ ಹೇಳಲಿಲ್ಲ. ಹೇಳಿದ್ದರೆ ಮಗಳನ್ನು ಭಾನುವಾರದವರೆಗೂ ಬಿಡುತ್ತಿರಲಿಲ್ಲ.

"ಆಯ್ತಾ ಅಕ್ಕ?" ಎಂದು ಬೀಗಿತ್ತಿ ಕೇಳಿದರು.

ಧಾರೆ ಹನಿಯಾಯಿತು. ಹನಿ ನಿಂತಿತು. ಅವರಿಗೆಂದು ಕಾದ ನೀರು ಈಗ ಮುಗಿಯಿತು. ಕಲ್ಲು ಕೀಳುವುದು, ಮಡಕೆ ಒಡೆಯುವುದು ಎಲ್ಲ ಆದ ಹಾಗಾಯಿತು, ಇಷ್ಟು ತಿಂಗಳ ಮೇಲೆ.

"ಆಯ್ತು" ಎಂದೆ.

ಮಗ ಬಿರಡೆ ಹಾಕಿ ಬಿಗಿದ. ತಣ್ಣೀರಿನ ವಾಲ್ವು ನನ್ನ ಪಕ್ಕದಲ್ಲಿತ್ತು. "ತಿರುಗಿಸಮ್ಮ" ಎಂದ. ನಾನು ಕೈಯಿಟ್ಟುಕೊಂಡು ನಿಂತಿದ್ದೆ. "ಅಮ್ಮ, ಮೋಡ ಹರಿದ್ರೆ ಗಾಜು ಕಾಯುತ್ತೆ" ಎಂದು ಮತ್ತೆ ಹೇಳಿದ. ಕೆಳಗೆ ಕೂಸು ಅಳಲು ಶುರುಮಾಡಿತು. ತಿರುಗಿಸಿದೆ. ಹೊಸ ನೀರು ಒಳಗೆ ಬಿದ್ದ ಸದ್ದು ಯಾರೂ ಇಲ್ಲದ ಮನೆಯೊಳಗೆ ಕೂಗಿದ ಹಾಗೆ ಕೇಳಿಸಿತು.

ಸಂಜೆ ಸೌದೆ ಒಟ್ಟಿ ಉರಿ ಹಾಕಿದೆ. ಬೀಗಿತ್ತಿ ಪೈಪಿನ ಹತ್ತಿರ ಕಿವಿಯಿಟ್ಟು ನಿಂತರು. ಮಗಳು ಬಾಗಿಲಲ್ಲಿ ಕೂತಳು. ನೀರು ಕಾಯಿತು. ಪೈಪು ಬಡಿಯಲಿಲ್ಲ. ಬೀಗಿತ್ತಿ ನಿಟ್ಟುಸಿರು ಬಿಟ್ಟು, "ಸದ್ಯ" ಎಂದು, ಒಳಗೆ ಹೋಗಿ ಅವತ್ತು ಬಿಟ್ಟಿದ್ದ ಅಂಟಿನುಂಡೆಗಳಲ್ಲಿ ಇನ್ನೊಂದನ್ನು ಬಾಯಿಗೆ ಹಾಕಿಕೊಂಡರು. ವ್ಯಾನು ಬೇಡವೆಂದು ತಮ್ಮ ಮಗನಿಗೆ ಹೇಳಿ ಕಳಿಸುವುದಾಗಿ ಅಲ್ಲಿಂದಲೇ ಕೂಗಿದರು.

ಮಣೆ ಹಾಕಿಕೊಂಡು, ಕಾಲು ಚಾಚಿ, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡೆ. ಕತ್ತಿನ ಮಡಿಕೆ ಬಿಡಿಸಿ ಮೊದಲ ಚೊಂಬು ಹೊಯ್ದೆ. ಅದು ಕಿರುಚಿತು. ಗೋಡೆಯ ಕಡೆ ಕತ್ತು ತಿರುಗಿಸಿ, ಒಂದು ಗಳಿಗೆ ತಡೆದು, ಮತ್ತೆ ಇನ್ನೂ ಜೋರಾಗಿ ಕಿರುಚಿತು. ಮಗಳೂ ಗೋಡೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಅಮ್ಮ, ನೀರು ಜಾಸ್ತಿ ಬಿಸಿಯಾಯ್ತೇನೋ."

"ಇಲ್ಲ. ಸರಿಯಾಗೈತೆ" ಎಂದೆ. ಇನ್ನೊಂದು ಚೊಂಬು ತುಂಬಿಸಿಕೊಂಡೆ.